ಸ್ವಾಲ್ಬಾರ್ಡ್ ಹಕ್ಕಿ ಫೋಟೋ ಎಲ್ಲಾ ಸಾಫ್ಟ್ ಬಂದಾವ, ಲೆನ್ಸ್ ಕೆಟ್ಟದೇನ್ರಿ?

ಸುರಪುರದ_ಹಕ್ಕಿ:
ನಮಸ್ಕಾರ್ರಿ ಎಲ್ಲರಿಗೂ. ಜೂನ್ ಕಡೀಗೆ ಉತ್ತರ ಧ್ರುವದ ಕಡಿ ಇರೋ ಸ್ವಾಲ್ಬಾರ್ಡ್ ದ್ವೀಪಕ್ಕ ಹೋಗಿದ್ದೆ, ನಾಕು ವರ್ಷ ರೊಕ್ಕ ಕೂಡಿಸಿ. ಹಿನ್ಲೋಪನ್ ಜಲಸಂಧಿ ದಂಡಿಗೆ ಅಲ್ಕೆಫ್ಯೆಲ್ಲೆಟ್ ಅಂತ ಕರಿ ಬಂಡಿಗಲ್ಲಿನ ಗೋಡಿ ಅದ, 100 ಮೀಟರ್ ಎತ್ತರ, ಸುಮಾರು 60,000 ಜೋಡಿ ಬ್ರೂನಿಕ್ ಗಿಲ್ಲೆಮಾಟ್ ಅನ್ನೋ ಕಡಲ ಹಕ್ಕಿ ಅಲ್ಲಿ ಮರಿ ಮಾಡ್ತಾವ. ಸಣ್ಣ ರಬ್ಬರ್ ಬೋಟಿನಾಗ ಕುಂತು ಅದರ ಬುಡಕ್ಕೇ ಹೋಗಿ ಎರಡು ತಾಸಿನಾಗ 2,800 ಫ್ರೇಮ್ ಹೊಡದೀನಿ. ಮನಿಗೆ ಬಂದು ಮಾನಿಟರ್‌ಗೆ ಹಾಕಿದ್ರ ಹೆಚ್ಚುಕಡಿಮಿ ಎಲ್ಲಾ ಸಾಫ್ಟ್, ಅಂದ್ರ ಮಸಕ. ಶಟರ್ 1/2500 ಸೆಕೆಂಡ್ ಇತ್ತು. ಆರು ತಿಂಗಳಾತು ಆ ಫೋಲ್ಡರ್ ತಗಿಲಿಕ್ಕೆ ಮನಸಾಗವಲ್ದು. ಸರ್ವಿಸ್ ಅಂಗಡಿಯವರು ಒಳಗಿನ ಗ್ಲಾಸ್ ಸರದದ ಅಂತ 18,000 ಕೇಳ್ಯಾರ. ಆದ್ರ ಹೋದ ಐತವಾರ ಬೋನಾಳ ಕೆರಿಗೆ ಅದೇ ಲೆನ್ಸ್ ಒಯ್ದಿದ್ದೆ, ಪಟ್ಟೆತಲೆ ಹೆಬ್ಬಾತಿನ ಗರಿ ಒಂದೊಂದು ಎಣಿಸಬೌದು ಹಂಗ ಬಂದಾವ. ಲಗೂ ಹೇಳ್ರಿ, ಸೋಮವಾರ ಲೆನ್ಸ್ ಕಳಿಸಬೇಕು.

ಬೀದರ್_ಬೋಕೆ:
ಬೋಟಿನ ಎಂಜಿನ್ ಥರಥರ ರೀ ಅದು. ಲೆನ್ಸ್‌ದು ಏನೂ ಇಲ್ಲ. ಕೈ ನಡುಕ ತಡಿಯೋ ಸ್ಟೆಬಿಲೈಜರ್ ಬಂದ್ ಮಾಡಿದ್ರೋ ಇಲ್ಲೋ ಅದು ಹೇಳ್ರಿ ಮೊದಲು.

ತೊಗರಿ_ಹೊಲ:
ಲೆನ್ಸ್ ಯಾವುದು, ಫಿಲ್ಟರ್ ಹಾಕಿದ್ರೇನು, ದೂರ ಎಷ್ಟು, ಒಂದೂ ಹೇಳಿಲ್ಲ ನೀವು. ಯುವಿ ಫಿಲ್ಟರ್ ಇದ್ರ ತಗದು ಒಗೀರಿ ಮೊದಲು.

ಸುರಪುರದ_ಹಕ್ಕಿ:
150-600 ಎಂಎಂ ಝೂಮ್ ರೀ, ಫಿಲ್ಟರ್ ಇಲ್ಲ. ಸ್ಟೆಬಿಲೈಜರ್ ಚಾಲೂ ಇತ್ತು. ಗೋಡಿ ಹತ್ರ ಹೋದಮ್ಯಾಗ ಎಂಜಿನ್ ಬಂದ್ ಮಾಡಿದ್ರು.

ಬೀದರ್_ಬೋಕೆ:
ನೋಡ್ರಿ ಚಾಲೂ ಇತ್ತು ಅಂತೀರಿ! 1/2500 ಇದ್ದಾಗ ಚಾಲೂ ಇಡಬಾರದು, ಅದೇ ಫೋಟೋ ಕೆಡಿಸ್ತದ. ನಾ ಹತ್ತು ಸಲ ಹೇಳೀನಿ ಇಲ್ಲಿ.

ಕಾರಂಜಾ_600:
ಅದು ಟ್ರೈಪಾಡ್ ಮಾತು ಅಣ್ಣಾ. ಬೋಟಿನಾಗ ಚಾಲೂ ಇಟ್ರೇ ವ್ಯೂಫೈಂಡರ್‌ನಾಗ ಹಕ್ಕಿ ನಿಂದರ್ತದ. ನನ್ನ 600 ಎಫ್4 ಲೆನ್ಸ್ ಕಾರಂಜಾ ಡ್ಯಾಮಿನ ಹಿನ್ನೀರಿನಾಗ ಮೀನುಗಾರರ ದೋಣಿಯಿಂದ ಹೊಡಿತೀನಿ, ಯಾವತ್ತೂ ಬಂದ್ ಮಾಡಿಲ್ಲ. ಹೋದ ವಾರ ಮೀನು ಹಿಡದ ಡೇಗೆ ಫುಲ್ ಫ್ರೇಮ್ ಬಂದದ, ಬೇಕಾದ್ರ ಹಾಕ್ತೀನಿ.

ಬೀದರ್_ಬೋಕೆ:
ಹಿನ್ನೀರು ಬ್ಯಾರೆ ಸಮುದ್ರ ಬ್ಯಾರೆ.

ಶಹಾಪುರ_ಹೊಸಬ:
ಅಣ್ಣಾ ಪೆಂಗ್ವಿನ್ ಫೋಟೋನೂ ಹಾಕ್ರಿ ನೋಡ್ಬೇಕಾಗ್ಯದ

ತೊಗರಿ_ಹೊಲ:
ಸ್ವಾಲ್ಬಾರ್ಡ್ ಉತ್ತರ ಧ್ರುವದ ಕಡಿ ತಮ್ಮಾ, ಅಲ್ಲಿ ಪೆಂಗ್ವಿನ್ ಇಲ್ಲ. ಗಿಲ್ಲೆಮಾಟ್ ಕರಿ-ಬಿಳಿ ಇರ್ತದ, ನೆಟ್ಟಗ ನಿಂದರ್ತದ, ಅದಕ್ಕ ಹಂಗ ಅನಸ್ತದ. ಆದ್ರ ಇದು ಹಾರ್ತದ, ಅದೂ ತಾಸಿಗೆ 70 ಕಿಲೋಮೀಟರ್ ಮ್ಯಾಲ. ಪೆಂಗ್ವಿನ್ ಅನ್ನೋ ಹೆಸರು ಮೊದಲು ಇದೇ ಕುಟುಂಬದ ಗ್ರೇಟ್ ಆಕ್ ಅನ್ನೋ ಹಾರಲಾರದ ಹಕ್ಕಿಗೆ ಇತ್ತು. 1844ರಾಗ ಐಸ್‌ಲ್ಯಾಂಡ್ ಹತ್ರ ಅದರ ಕಡೀ ಜೋಡಿ ಕೊಂದ್ರು.

ಚಿಂಚೋಳಿ_ಅಕ್ಕ:
ಎಲ್ಲರೂ ಒಂದು ಮಿನಿಟ್ ನಿಂದರ್ರಿ. ಸುರಪುರದವರ, ಗೋಡಿ ಮ್ಯಾಲ ಕುಂತ ಒಂದೇ ಹಕ್ಕಿದು ಬರ್ಸ್ಟ್, ಅಂದ್ರ ಒಂದರ ಹಿಂದ ಒಂದು ಪಟಪಟ ಹೊಡದಿದ್ದು, ಇದ್ರ ತಗೀರಿ, ಹತ್ತು ಫ್ರೇಮ್ ಸಾಕು. 100 ಪರ್ಸೆಂಟ್ ದೊಡ್ಡದು ಮಾಡಿ ಕೊಕ್ಕು ಅಷ್ಟೇ ನೋಡ್ರಿ. ಬ್ರೂನಿಕ್‌ಗೆ ಮೇಲ್ಗೊಕ್ಕಿನ ಅಂಚಿಗೆ ಒಂದು ಸಣ್ಣ ಬಿಳಿ ಗೆರಿ ಇರ್ತದಲ್ಲ, ಅದು ಹತ್ತೂ ಫ್ರೇಮಿನಾಗ ಹೆಂಗದ ಹೇಳ್ರಿ.

ಸುರಪುರದ_ಹಕ್ಕಿ:
ಅಕ್ಕಾರ ಈಗೇ ನೋಡಿದೆ. ಒಂದರಾಗ ಗೆರಿ ಸೀದಾ ಅದ, ಇನ್ನೊಂದರಾಗ ನಡಕ್ಕ ಸೊಟ್ಟ ಆಗ್ಯದ, ಮತ್ತೊಂದರಾಗ ದಪ್ಪ ಆಗಿ ಕೊಕ್ಕಿನ ಜೋಡಿ ಕಲತದ. ಹಕ್ಕಿ ಮಾತ್ರ ಅಳ್ಳಾಡಿಲ್ಲ, ಕಾಲು ಅಲ್ಲೇ ಅವ.

ಚಿಂಚೋಳಿ_ಅಕ್ಕ:
ಹಂಗಾದ್ರ ಬಿಸಿಲ್ಗುದುರಿ ಅದು. ಬೋಟ್ ಅಳ್ಳಾಡಿದ್ರ ಇಡೀ ಹಕ್ಕಿ ಒಂದೇ ದಿಕ್ಕಿಗೆ ಜಗ್ಗಿದಂಗ ಬರ್ತದ. ಫೋಕಸ್ ತಪ್ಪಿದ್ರ ಮುಂದಿಂದೋ ಹಿಂದಿಂದೋ ಕಲ್ಲು ಶಾರ್ಪ್ ಇರ್ತದ. ಗ್ಲಾಸ್ ಸರದಿದ್ರ ಎಲ್ಲಾ ಫ್ರೇಮೂ ಒಂದೇ ನಮೂನಿ ಕೆಡತಾವ. ಫ್ರೇಮಿಗೊಂದು ಆಕಾರ ಆಗ್ಲತ್ತದ ಅಂದ್ರ ನಡುವಿನ ಗಾಳಿ ಕುದಿಲತ್ತದ ಅಂತ.

ಬೀದರ್_ಬೋಕೆ:
ಅಕ್ಕಾ ಐಸ್ ಮ್ಯಾಲ ಬಿಸಿಲ್ಗುದುರಿ ಎಲ್ಲಿಂದ ಬರಬೇಕು? ನಮ್ಮ ಕಡಿ ಮೇ ತಿಂಗಳದಾಗ ಬರ್ತದ ಅದು.

ಚಿಂಚೋಳಿ_ಅಕ್ಕ:
ಬಿಸಿಲಿಗೆ ಬರೋದಲ್ಲ ತಮ್ಮಾ, ವ್ಯತ್ಯಾಸಕ್ಕ ಬರೋದು. ಬಿಸಿ ಗಾಳಿ ತೆಳ್ಳಗ, ತಣ್ಣನ ಗಾಳಿ ದಟ್ಟ, ಎರಡೂ ಕಲಿಯೋ ಕಡಿ ಬೆಳಕು ಬಾಗ್ತದ. ನೀವು ಬೀದರ್ ಕಡಿ ಕೃಷ್ಣಮೃಗಕ್ಕ ಹೋದಾಗ ಕಾರಿನಾಗ ಎಸಿ ಹಚ್ಚಿ ಗಿಲಾಸ್ ಇಳಿಸಿ ಹೊಡದ್ರ ಫೋಟೋ ಕೆಡತದಲ್ಲ, ಅದೇ ಇದು, ಉಲ್ಟಾ ಅಷ್ಟೇ. ಸುರಪುರದವರ, ಬೋಟಿಗೆ ಇಳಿಯೋ ಮೊದಲು ಲೆನ್ಸ್ ಎಲ್ಲಿತ್ತು?

ಸುರಪುರದ_ಹಕ್ಕಿ:
ಹಡಗಿನ ಕ್ಯಾಬಿನ್‌ನಾಗ ರೀ. ಹೀಟರ್ ಬಾಜೂಕೇ ಇತ್ತು, ಬ್ಯಾಟರಿ ಸಾಯಬಾರದು ಅಂತ. ಅಲ್ಲಿಂದ ನೀರು ಸಿಡೀಬಾರದು ಅಂತ ಡ್ರೈ ಬ್ಯಾಗಿನಾಗ ಹಾಕಿ ಬಾಯಿ ಸುತ್ತಿ ಕಟ್ಟಿ ಸೀದಾ ಬೋಟಿಗೆ ಇಳದೀನಿ. ಹೊರಗ 3 ಡಿಗ್ರಿ ಇತ್ತು. ಇದು ಮುಖ್ಯ ಅಂತ ಗೊತ್ತಿದ್ದಿಲ್ಲ.

ಚಿಂಚೋಳಿ_ಅಕ್ಕ:
ಇದೇ ನೋಡ್ರಿ! ಆ ಬ್ಯಾಗು ಬಿಸಿ ಹಂಗೇ ಹಿಡದಿಟ್ಟದ. 22 ಡಿಗ್ರಿ ಲೆನ್ಸ್ 3 ಡಿಗ್ರಿ ಗಾಳಿಗೆ ಬಂತು, ಅದರ ಮುಂದ ಕೊಳವಿಯಂಥ ಉದ್ದನ ಹುಡ್, ಹುಡ್ಡಿನೊಳಗ ಬಿಸಿ ಗಾಳಿ ಸುತ್ತಿ ಸುತ್ತಿ ಮ್ಯಾಲ ಏಳತದ. ನೀವು ಹಕ್ಕಿ ನೋಡಿದ್ದು ಅದರೊಳಗಿಂದ. ಮ್ಯಾಲ ಆ ಕರಿ ಕಲ್ಲು, ಜೂನ್‌ನಾಗ ಅಲ್ಲಿ ಸೂರ್ಯ ಮುಳುಗಂಗೇ ಇಲ್ಲ, ಬಿಸಿಲು ಬಿದ್ದ ಕಡಿ ಕಲ್ಲೂ ಕಾದಿರ್ತದ. ಬೋನಾಳಕ್ಕ ಬೈಕ್ ಮ್ಯಾಲ ಹೋಗಿರಬೇಕು ನೀವು, ಚಳಿಯಾಗ ದಾರಿ ಮ್ಯಾಲೇ ಲೆನ್ಸ್ ತಣ್ಣಗಾಗ್ಯದ. ನಾಳಿ ಮುಂಜಾನಿ ಪರೀಕ್ಷೆ ಮಾಡ್ರಿ, ಅಂಗಡಿಗೆ ಆಮ್ಯಾಲ ನೋಡೂಣು.

ಬೀದರ್_ಬೋಕೆ:
ಪರೀಕ್ಷೆ ಮಾಡ್ರಿ, ಆದ್ರ ಸ್ಟೆಬಿಲೈಜರ್ ಬಂದ್ ಮಾಡಿನೂ ಒಂದು ಸಲ ಹೊಡೀರಿ. ನನಗಿನ್ನೂ ಅದರ ಮ್ಯಾಲೇ ಅನುಮಾನ.

ಸುರಪುರದ_ಹಕ್ಕಿ:
ಮಾಡೀನ್ರಿ. ರಾತ್ರಿ ಲೆನ್ಸ್ ಖೋಲ್ಯಾಗ ಕಿಡಕಿ ಹಾಕಿ ಚಾದರ ಸುತ್ತಿ ಇಟ್ಟಿದ್ದೆ. ಮುಂಜಾನಿ ಆರೂವರಿಗೆ ಮಾಳಗಿ ಮ್ಯಾಲ ತಂದು ಎದುರಿನ ಮೊಬೈಲ್ ಟಾವರಿನ ನಟ್ ಬೋಲ್ಟಿಗೆ ಹಿಡದೆ, 70-80 ಮೀಟರ್ ಇರಬೌದು. ಮೊದಲಿನ ಐದು ಮಿನಿಟ್ ಬೋಲ್ಟಿನ ಮೂಲಿ ಕರಗಿದಂಗ, ಫ್ರೇಮಿಗೊಂದು ನಮೂನಿ. ಹುಡ್ ತಗದಕೂಡಲೇ ಅರ್ಧ ಸುಧಾರಿಸ್ತು. ಅರ್ಧ ತಾಸು ಬಿಟ್ಟು ಹೊಡದ್ರ ಬೋಲ್ಟಿನ ಜಂಗು ಕಾಣ್ತದ. ಸ್ಟೆಬಿಲೈಜರ್ ಚಾಲೂ ಬಂದ್ ಎರಡೂ ಮಾಡಿದೆ, ಏನೂ ಫರಕ್ ಇಲ್ಲ. ಲೆನ್ಸ್ ಕಳಸಂಗಿಲ್ಲ.

ಕಾರಂಜಾ_600:
ಶಾಬಾಶ್. ನನ್ನ 600ಕ್ಕ ತಣ್ಣಗಾಗಲಿಕ್ಕೆ ಇನ್ನೂ ಹೆಚ್ಚು ಟೈಮ್ ಬೇಕು, ಮುಂದಿನ ಗ್ಲಾಸೇ ತಾಟಿನಷ್ಟದ.

ಚಿಂಚೋಳಿ_ಅಕ್ಕ:
ಮುಂದಿನ ಸಲ ಬೋಟಿಗೆ ಇಳಿಯೋ ಒಂದು ತಾಸು ಮೊದಲೇ ಬ್ಯಾಗಿನ ಬಾಯಿ ಬಿಚ್ಚಿ ಡೆಕ್ ಮ್ಯಾಲ ನೆರಳಿಗಿಡ್ರಿ, ಬ್ಯಾಟರಿ ಅಷ್ಟೇ ಅಂಗಿ ಒಳಗ ಇಟ್ಕೋರಿ. ವಾಪಸ್ ಒಳಗ ಬರೋವಾಗ ಲೆನ್ಸ್ ಬ್ಯಾಗಿನಾಗ ಹಾಕಿ ಅದರ ಬಾಯಿ ಕಟ್ಟಿಕೊಂಡೇ ಬರ್ರಿ, ಇಲ್ಲಂದ್ರ ತಣ್ಣನ ಗ್ಲಾಸಿನ ಮ್ಯಾಲ ನೀರು ಕೂಡತದ. ಮತ್ತ ಆ 2,800 ಅಳಿಸಬ್ಯಾಡ್ರಿ. ಗಾಳಿ ನಡುನಡುವ ಒಂದು ಕ್ಷಣ ಸುಮ್ಮನಾಗ್ತದ, ಕಡೀ ಅರ್ಧ ತಾಸಿನ ಬರ್ಸ್ಟ್ ಒಂದೊಂದೇ ನೋಡ್ರಿ.

ಸುರಪುರದ_ಹಕ್ಕಿ:
ಎರಡು ರಾತ್ರಿ ಕುಂತು ನೋಡೀನಿ ಅಕ್ಕಾರ. 11 ಸಿಕ್ಕಾವ. ಒಂದರಾಗ ಗಿಲ್ಲೆಮಾಟ್ ಬೋಟಿನ ಬಾಜೂಕ ನೀರಿನಾಗ ಅದ, ಬೆನ್ನ ಮ್ಯಾಲ ನೀರಿನ ಹನಿ ಗುಂಡಗ ನಿಂತಾವ, ಕೊಕ್ಕಿನ ಬಿಳಿ ಗೆರಿ ಸೀದಾ ಅದ. ಕಲಬುರಗಿಗೆ ಹೋಗಿ ದೊಡ್ಡದು ಪ್ರಿಂಟ್ ಹಾಕಿಸ್ಲತ್ತೀನಿ.

ಶಹಾಪುರ_ಹೊಸಬ:
ಅಣ್ಣಾ ಆ ಡ್ರೈ ಬ್ಯಾಗ್ ಎಷ್ಟು ಲೀಟರಿಂದು? ಬೋನಾಳಕ್ಕ ಮಳಿಗಾಲದಾಗ ನಡೀತದೇನು?