ಮೂಡಿಗೆರೆ ಕಡೆ ಆಕಾಶದಲ್ಲಿ ಸಾಲಾಗಿ ಹೋದ ದೀಪಗಳು, ಬೇರೆ ಯಾರಾದರೂ ನೋಡಿದಿರಾ?

ಕಾಫಿ ಕಣ (ಮೂಡಿಗೆರೆ)

ನಿನ್ನೆ ಸಂಜೆ ಏಳೂಕಾಲು ಇರಬಹುದು. ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆವು, ಈಗ ಇಬ್ಬನಿ ಜಾಸ್ತಿ ಅಲ್ವಾ. ಟಾರ್ಪಾಲಿನ ಇನ್ನೊಂದು ತುದಿ ಹಿಡಿದಿದ್ದ ಅಮ್ಮ ಹಾಗೇ ನಿಂತುಬಿಟ್ಟರು. ತಲೆಯೆತ್ತಿ ನೋಡಿದರೆ ಚಾರ್ಮಾಡಿ ಕಡೆಯಿಂದ ದೀಪಗಳ ಒಂದು ಸಾಲು ಮೇಲೇರಿ ಬರುತ್ತಿದೆ! ದಾರದಲ್ಲಿ ಪೋಣಿಸಿದ ಹಾಗೆ, ಒಂದರ ಹಿಂದೆ ಒಂದು. ಹದಿನೇಳರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಸದ್ದಿಲ್ಲ. ಮಿಣುಕುವುದೂ ಇಲ್ಲ. ಕೆಂಪು, ಹಸಿರು ದೀಪ ಕಾಣಲಿಲ್ಲ, ಹಾಗಾಗಿ ವಿಮಾನ ಅಲ್ಲ.

ನನಗೆ ಅರ್ಥವಾಗದಿರುವುದು ಮುಂದಿನದು. ಸಾಲು ಈಶಾನ್ಯಕ್ಕೆ ಹೋಯಿತು. ಮನೆ ಹಿಂದಿನ ಸಿಲ್ವರ್ ಓಕ್ ಮರದ ತುದಿಗಿಂತ ಸ್ವಲ್ಪ ಮೇಲೆ ಮೊದಲನೆಯದು ಆರಿತು. ಅದೇ ಜಾಗಕ್ಕೆ ಬಂದು ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಎಲ್ಲವೂ. ಮೋಡ ಇರಲಿಲ್ಲ, ಅಲ್ಲೇ ಪಕ್ಕದಲ್ಲಿ ನಕ್ಷತ್ರಗಳು ಕಾಣುತ್ತಿದ್ದವು. ಸಾಲು ದೀಪ ಹೀಗೆ ಆರುವುದನ್ನು ಕಣ್ಣಾರೆ ನೋಡಿದೆವಲ್ಲ ಎಂದು ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಸುಮ್ನೆ ಏನೋ ಹೇಳಿ ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೇಲೂರಿನವಳು

ನಾವೂ ನೋಡಿದೆವು! ಅದೇ ಹೊತ್ತು, ಅದೇ ದಿಕ್ಕು. ಡ್ರೋನ್ ಇರಬಹುದು ಅಂದುಕೊಂಡೆವು, ಆದರೆ ಅಷ್ಟು ಡ್ರೋನ್ ರಾತ್ರಿ ಹೊತ್ತು ಇಲ್ಲಿ ಯಾರು ಹಾರಿಸುತ್ತಾರೆ? ಹಾಸನದ ಇಸ್ರೋ ಕೇಂದ್ರದ್ದೇ ಏನಾದರೂ ಇರಬಹುದಾ?

ಸಾಲಗಾಮೆ ರಸ್ತೆ

ಇಲ್ಲ, ಹಾಸನದ್ದಲ್ಲ. ಇಲ್ಲಿನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ನೋಡಿಕೊಳ್ಳುತ್ತಿರುವುದು ಮುಖ್ಯವಾಗಿ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು. ಅವು ಭೂಮಿ ತಿರುಗುವ ವೇಗದಲ್ಲೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ. ಡಿಶ್ ಟಿವಿ ಕೊಡೆಯನ್ನು ಒಮ್ಮೆ ತಿರುಗಿಸಿ ಬಿಟ್ಟರೆ ಸಾಕಾಗುವುದು ಅದಕ್ಕೇ. ಅಷ್ಟು ದೂರದ್ದು ಬರಿಗಣ್ಣಿಗೆ ಕಾಣುವುದೂ ಇಲ್ಲ.

2022ರ ಯುಗಾದಿ ಸಂಜೆ ಮಹಾರಾಷ್ಟ್ರದ ಚಂದ್ರಪುರ ಕಡೆ ಆಕಾಶದಲ್ಲಿ ಬೆಂಕಿ ಸಾಲು ಹೋಗಿ, ಒಂದು ಹಳ್ಳಿಯಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು. ಅದು ಚೀನಾದ ರಾಕೆಟ್ಟಿನ ತುಂಡು ಎಂದು ತಿಳಿದವರು ಹೇಳಿದ್ದರು. ನೀವು ನೋಡಿದ್ದಕ್ಕೆ ಬಾಲ ಇತ್ತಾ? ಚೂರುಚೂರಾಗಿ ಒಡೆಯುತ್ತಿತ್ತಾ?

ಕಾಫಿ ಕಣ

ಬಾಲ ಇರಲಿಲ್ಲ. ಎಲ್ಲ ಒಂದೇ ವೇಗ, ಬಿಳಿ ಬೆಳಕು.

ರಾತ್ರಿ ಆಕಾಶ (ಚಿಕ್ಕಮಗಳೂರು)

ಹಾಗಿದ್ದರೆ ಅದು ಸ್ಟಾರ್‌ಲಿಂಕ್, ನನಗೆ ಅನುಮಾನವೇ ಇಲ್ಲ. ಇಂಟರ್ನೆಟ್ ಕೊಡುವ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ ಸಲ 60 ಉಪಗ್ರಹಗಳನ್ನು ಒಟ್ಟಿಗೆ ಬಿಟ್ಟರು, ಆಗಿನಿಂದ ಬಿಡುತ್ತಲೇ ಇದ್ದಾರೆ. ರಾಕೆಟ್ ಅವನ್ನು ಕೆಳಗಿನ ಕಕ್ಷೆಯಲ್ಲಿ ಬಿಡುತ್ತದೆ, ಅಲ್ಲಿಂದ ಅವೇ ನಿಧಾನವಾಗಿ 550 ಕಿ.ಮೀ. ಆಸುಪಾಸಿಗೆ ಏರುತ್ತವೆ. ಮೊದಲ ಕೆಲವು ದಿನ ಹೀಗೆ ಒತ್ತೊತ್ತಾಗಿ ಹೋಗುತ್ತವೆ, ಆಮೇಲೆ ಚದುರುತ್ತವೆ.

ಇನ್ನು ಆರಿದ್ದು. ಅವಕ್ಕೆ ಸ್ವಂತ ದೀಪ ಇಲ್ಲ, ಹೊಳೆಯುವುದು ಬಿಸಿಲಿಗೆ. ಕೆಳಗಿನ ತೋಟದಲ್ಲಿ ಕತ್ತಲು ಕವಿದರೂ ಮುಳ್ಳಯ್ಯನಗಿರಿ ತುದಿಯಲ್ಲಿ ಇನ್ನೂ ಬಿಸಿಲು ಇರುತ್ತದಲ್ಲ, ಹಾಗೆಯೇ ನಮಗೆ ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಕಳೆದರೂ ಅಷ್ಟು ಎತ್ತರದಲ್ಲಿ ಬಿಸಿಲು ಇರುತ್ತದೆ. ಪೂರ್ವಕ್ಕೆ ಹೋಗುತ್ತಾ ಭೂಮಿಯ ನೆರಳಿನ ಅಂಚು ಸಿಗುತ್ತದೆ. ಎಲ್ಲವೂ ಒಂದೇ ದಾರಿಯಲ್ಲಿ ಬರುವುದರಿಂದ ಒಂದೇ ಜಾಗದಲ್ಲಿ ನೆರಳಿಗೆ ಹೋಗುತ್ತವೆ. ಅಮ್ಮನಿಗೆ ಹೇಳಿ, ಒಂದು ದೀಪವೂ ಆರಿಲ್ಲ. ನೆರಳಿನೊಳಗೆ ಅವು ಇನ್ನೂ ಓಡುತ್ತಲೇ ಇದ್ದವು.

ಮರದ ತುದಿಯನ್ನು ಗುರುತು ಇಟ್ಟುಕೊಂಡಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ಇವತ್ತೂ ನೋಡಿ, ಹೊತ್ತು ಬರೆದಿಡಿ. ಸ್ವಲ್ಪ ತಡವಾಗಿ ಬಂದರೆ ಮಾಯವಾಗುವ ಜಾಗ ಇನ್ನೂ ಮೇಲಕ್ಕೆ ಸರಿದಿರುತ್ತದೆ.

ಕಾಫಿ ಕಣ

ಈಗಷ್ಟೇ ಒಳಗೆ ಬಂದೆ. ಇವತ್ತು ಬಂದಾಗ 7.34. ನಡುವಿನ ಅಂತರ ಜಾಸ್ತಿಯಾಗಿತ್ತು, ಬೆಳಕು ನಿನ್ನೆಗಿಂತ ಮಂಕು. ಓಕ್ ಮರದ ತನಕ ಹೋಗಲೇ ಇಲ್ಲ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಒಂದೊಂದಾಗಿ ಮರೆಯಾದವು. ನೀವು ಹೇಳಿದ ನೆರಳಿನ ಮಾತನ್ನು ಅಮ್ಮನಿಗೆ ಮೊದಲೇ ಹೇಳಿದ್ದೆ. ಟಾರ್ಪಾಲು ಬಿಟ್ಟು ಅವರೇ ಅಂಗಳದ ನಡುವೆ ಬಂದು ನಿಂತರು. ಇಪ್ಪತ್ತೊಂದು ಎಣಿಸಿದ್ದಾರೆ.