ಅಮ್ಮನ ಕಿವಿ ಸೋರುವುದು ನಿಂತಿದೆ, ಆದರೂ ಆಪರೇಷನ್ ಬೇಕಂತೆ. ನಿಜಾನಾ?

ಆಗುಂಬೆ_ಮಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮಮ್ಮನಿಗೆ 54 ವರ್ಷ. ಎಡಗಿವಿ ಸೋರುವುದು ಇವತ್ತಿನ ಕಥೆಯಲ್ಲ, ಮದುವೆಗೆ ಮುಂಚಿನಿಂದಲೂ ಇದೆಯಂತೆ. ಮಳೆಗಾಲ ಬಂತು, ನೆಗಡಿ ಆಯ್ತು, ಕಿವಿ ಸೋರಿತು, ಡಾಕ್ಟರು ಡ್ರಾಪ್ಸ್ ಬರೆದರು, ನಿಂತಿತು. ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ. ಹಬ್ಬದ ಎಣ್ಣೆಸ್ನಾನ ಆದ ಮೇಲೆ ಅಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಹೋಳಿಗೆ ಬೇಯಿಸುವುದು ನಮಗೆ ಮಾಮೂಲು.

ಎರಡು ವರ್ಷದಿಂದ ಬೇರೆ ಥರ ಆಗಿದೆ. ಬರುವುದು ಕಮ್ಮಿ, ದಿಂಬಿನ ಮೇಲೆ ಒಂದು ಚುಕ್ಕೆ ಅಷ್ಟೇ, ಆದರೆ ಕೆಟ್ಟ ವಾಸನೆ. ಟಿವಿ ಸೌಂಡೂ ಜಾಸ್ತಿ ಆಗಿದೆ. ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಒಬ್ಬ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಅವರು ಮೈಕ್ರೋಸ್ಕೋಪ್ ಇಟ್ಟು, ಸಣ್ಣ ಪೈಪಿನಲ್ಲಿ ಕೀವು ಎಳೆದು, ತುಂಬಾ ಹೊತ್ತು ನೋಡಿ, ಒಳಗೆ ಚರ್ಮ ಬೆಳೆದು ಮೂಳೆ ತಿನ್ನುತ್ತಿದೆ, ಕೇಳುವ ಟೆಸ್ಟು ಮತ್ತು ಸ್ಕ್ಯಾನ್ ಮಾಡಿಸಿ, ಮಾಸ್ಟಾಯ್ಡ್ (ಕಿವಿ ಹಿಂದಿನ ಮೂಳೆ) ಆಪರೇಷನ್ ಬೇಕಾಗುತ್ತದೆ ಎಂದರು. ಕೊಟ್ಟ ಡ್ರಾಪ್ಸ್‌ಗೆ ಹತ್ತೇ ದಿನದಲ್ಲಿ ಕಿವಿ ಒಣಗಿತು. ಈಗ ಅಮ್ಮ "ನಿಂತಿದೆಯಲ್ಲ, ಇನ್ನು ಕೊಯ್ಯುವುದು ಯಾಕೆ" ಅನ್ನುತ್ತಾಳೆ. ಮಾವ ಬೇರೆ, ಆ ಆಪರೇಷನ್ ಮಾಡಿಸಿದರೆ ಬಾಯಿ ಸೊಟ್ಟ ಆಗುತ್ತದೆ ಅಂತ ಹೆದರಿಸಿ ಹೋಗಿದ್ದಾರೆ. ಮಾತ್ರೆಯಲ್ಲಿ ಹೋಗುವುದಿಲ್ವಾ? ಆಪರೇಷನ್ ಆದರೆ ಕಿವಿ ಕೇಳಿಸುತ್ತದಾ?

ಹಳ್ಳಿಮದ್ದು:

ಡಾಕ್ಟರುಗಳಿಗೆ ಕೊಯ್ಯುವುದೇ ಕೆಲಸ. ಬೆಳ್ಳುಳ್ಳಿ ಎಸಳು ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಉಗುರುಬೆಚ್ಚಗೆ ಎರಡು ಹನಿ ಬಿಡಿ. ನಮ್ಮಜ್ಜಿ ಎಲ್ಲರಿಗೂ ಅದನ್ನೇ ಮಾಡುತ್ತಿದ್ದರು.

ತಮಟೆ_ಸದ್ದು:

ಮೇಲಿನವರೇ, ದಯವಿಟ್ಟು ಬೇಡ. ತಮಟೆ ತೂತಾದ ಕಿವಿಗೆ ಎಣ್ಣೆ ಬಿಟ್ಟರೆ ಅದು ಸೀದಾ ನಡುಗಿವಿಗೆ ಇಳಿಯುತ್ತದೆ. ಅಲ್ಲಿಂದ ತೆಗೆಯುವುದು ನಮ್ಮ ಪಾಲಿಗೆ ಬರುತ್ತದೆ. ನಾನು ಹುಬ್ಬಳ್ಳಿಯಲ್ಲಿ ಇಎನ್‌ಟಿ ಪಿಜಿ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಎಣ್ಣೆ ಬಿಟ್ಟು ಬಿಟ್ಟು ಬೂಷ್ಟು ಹಿಡಿದ ಕಿವಿಗಳನ್ನು ನೋಡಿ ಸಾಕಾಗಿದೆ, ಒಳಗೆ ಒದ್ದೆ ನ್ಯೂಸ್‌ಪೇಪರ್ ಮುದ್ದೆ ಮಾಡಿ ತುರುಕಿದ ಹಾಗೆ ಇರುತ್ತದೆ, ಮೇಲೆ ಕಪ್ಪು ಚುಕ್ಕೆಗಳು.

ಈಗ ನಿಮ್ಮ ಅಮ್ಮನ ವಿಷಯ. ಬಹಳ ಕಾಲ ಸೋರುವ ಕಿವಿಯಲ್ಲಿ ಎರಡು ಜಾತಿ ಇದೆ. ಒಂದು, ತಮಟೆಯ ನಡುವೆ ತೂತು. ನೆಗಡಿಯಾದಾಗ, ನೀರು ಹೋದಾಗ ಲೋಳೆ ಲೋಳೆಯಾಗಿ ಧಾರಾಳ ಸೋರುತ್ತದೆ, ಸಾಮಾನ್ಯವಾಗಿ ವಾಸನೆ ಇರುವುದಿಲ್ಲ. ಇದರಿಂದ ಜೀವಕ್ಕೆ ಅಪಾಯ ತೀರಾ ಕಮ್ಮಿ. ಇನ್ನೊಂದರಲ್ಲಿ ತಮಟೆಯ ಮೇಲ್ಭಾಗ ಒಳಕ್ಕೆ ಸೇದಿಕೊಂಡು ಚೀಲದ ಹಾಗಾಗುತ್ತದೆ. ಚರ್ಮ ಅಂದ ಮೇಲೆ ಹೊಟ್ಟು ಉದುರಲೇಬೇಕಲ್ವಾ, ಆ ಹೊಟ್ಟು ಹೊರಗೆ ಬರಲು ದಾರಿಯಿಲ್ಲದೆ ಚೀಲದಲ್ಲೇ ಸೇರುತ್ತಾ ಹೋಗುತ್ತದೆ, ಕೊಳೆಯುತ್ತದೆ, ಪಕ್ಕದ ಮೂಳೆ ಸವೆಸುತ್ತದೆ. ಇದಕ್ಕೆ ಕೊಲೆಸ್ಟಿಯಟೋಮಾ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಕ್ಯಾನ್ಸರ್ ಅಲ್ಲ. ಆದರೆ ಸ್ವಲ್ಪವೇ ಕೀವು, ಕೆಟ್ಟ ವಾಸನೆ ಅಂದರೆ ನಮಗೆ ಮೊದಲು ಬರುವ ಅನುಮಾನ ಅದೇ.

ಡ್ರಾಪ್ಸ್ ಮಾಡುವುದು ಏನು ಗೊತ್ತಾ? ಕೀವು ಮಾಡುವ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಚೀಲ ಹಾಗೇ ಇರುತ್ತದೆ. ಕಿವಿ ಒಣಗಿದ್ದು ನಿಜ, ಕಾಯಿಲೆ ಹೋಗಿದೆ ಅನ್ನುವುದು ಸುಳ್ಳು. ಆ ಚೀಲ ಕರಗಿಸುವ ಮಾತ್ರೆ ಇಲ್ಲ, ತೆಗೆಯಲೇಬೇಕು.

ಬಾಯಿ ಸೊಟ್ಟದ ಮಾತು. ಮುಖ ಆಡಿಸುವ ನರ ನಡುಗಿವಿಯ ಗೋಡೆಯಲ್ಲೇ ಹಾದು ಹೋಗುತ್ತದೆ, ಆದ್ದರಿಂದ ಆಪರೇಷನ್‌ನಲ್ಲಿ ಅಪಾಯ ಇಲ್ಲವೇ ಇಲ್ಲ ಅಂತ ಯಾರೂ ಹೇಳಲಾರರು. ಅನುಭವ ಇರುವವರ ಕೈಯಲ್ಲಿ ಅಪರೂಪ. ಆದರೆ ನಿಮ್ಮ ಮಾವ ಹೇಳದೇ ಬಿಟ್ಟ ಇನ್ನೊಂದು ಅರ್ಧ ಇದೆ: ಆಪರೇಷನ್ ಮಾಡಿಸದೇ ಬಿಟ್ಟರೂ ಅದೇ ನರವನ್ನು ಕಾಯಿಲೆಯೇ ತಿನ್ನಬಹುದು. ಮೇಲೆ ಬರೀ ಒಂದು ತೆಳು ಮೂಳೆ, ಅದರಾಚೆ ಮಿದುಳು. ಮಿದುಳಿನಲ್ಲಿ ಕೀವುಗಟ್ಟಿದ ಮೇಲೆ ಬಂದವರನ್ನು ನಾನೇ ನೋಡಿದ್ದೇನೆ.

ಬೆಣ್ಣೆದೋಸೆ_ದಾವಣಗೆರೆ:

ನನಗೆ ಆಗಿದ್ದು ಮೊದಲನೇ ಜಾತಿ, ತೂತು. ಕಿವಿ ಹಿಂದೆ ಕೊಯ್ದು, ಅಲ್ಲೇ ಮೇಲಿನ ಸ್ನಾಯುವಿನ ತೆಳು ಪೊರೆ ತೆಗೆದು ಹೊಸ ತಮಟೆ ಮಾಡಿದರು. ನೋವು ನಾನು ಅಂದುಕೊಂಡಷ್ಟು ಇರಲಿಲ್ಲ. ಕಷ್ಟ ಅಂದರೆ ಆಮೇಲಿನದು. ಕಿವಿಗೆ ಹನಿ ನೀರು ಬೀಳಬಾರದು, ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಆಫೀಸಿನಲ್ಲಿ ನಾನು ಸೀನಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲೀನ್ ಹಚ್ಚಿ ಇಡಲು ಹೇಳಿದ್ದರು, ಬರೀ ಹತ್ತಿ ನೀರನ್ನು ಹೀರಿ ಒಳಗೇ ಬಿಡುತ್ತದಂತೆ. ಅಮ್ಮನಿಗೆ ಈಗಿಂದಲೇ ಅದನ್ನು ಹೇಳಿ.

ಇನ್ನೊಂದು, ಡ್ರಾಪ್ಸ್ ಬಾಟಲಿಯನ್ನು ಎರಡು ನಿಮಿಷ ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿ ಹಾಕಿ. ಫ್ರಿಜ್ಜಿನಿಂದ ತೆಗೆದು ಸೀದಾ ಹಾಕಿ ತಲೆ ಗಿರ್ರೆಂದು ಗೋಡೆ ಹಿಡಿದವನು ನಾನು.

ಆಗುಂಬೆ_ಮಳೆ:

ಥ್ಯಾಂಕ್ಸ್, ಒಬ್ಬೊಬ್ಬರಿಗೂ. ಟೆಸ್ಟು, ಸ್ಕ್ಯಾನು ಎರಡೂ ಆಯ್ತು. ಸ್ಕ್ಯಾನಿನಲ್ಲಿ ಮೂಳೆ ಸವೆದಿದೆ ಅಂತಲೇ ಬರೆದಿದ್ದಾರೆ. ಕೇಳುವ ಟೆಸ್ಟಿನಲ್ಲಿ ಎಡಗಿವಿಗೆ ಗಾಳಿ ಮೂಲಕ 50, ಮೂಳೆ ಮೂಲಕ 15 ಡೆಸಿಬಲ್ ಅಂತಿದೆ. ಬಲಗಿವಿ ಎರಡೂ 15. 50 ಅಂದರೆ ಅರ್ಧ ಕೇಳಿಸುತ್ತದೆ ಅಂತಲಾ?

ಗಂಗೋತ್ರಿ_ಬ್ಯಾಚ್:

ಅಲ್ಲ, ಇದು ಪರ್ಸೆಂಟ್ ಅಲ್ಲ. ಎಷ್ಟು ಜೋರು ಮಾಡಿದರೆ ಕೇಳಲು ಶುರುವಾಗುತ್ತದೆ ಅನ್ನುವ ಲೆಕ್ಕ, ಅಂಕಿ ದೊಡ್ಡದಾದಷ್ಟೂ ಕಿವಿ ಮಂದ. 25ರ ಒಳಗಿದ್ದರೆ ಸಾಮಾನ್ಯ ಅಂತ ತೆಗೆದುಕೊಳ್ಳುತ್ತೇವೆ. 50 ಅಂದರೆ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದರೆ ಆ ಕಿವಿಗೆ ಸಿಗುವುದಿಲ್ಲ.

ಆದರೆ ನಿಮ್ಮ ರಿಪೋರ್ಟಿನಲ್ಲಿ ಒಳ್ಳೆಯ ಸುದ್ದಿ ಆ 15. ಕಿವಿ ಹಿಂದಿನ ಮೂಳೆ ಮೇಲೆ ಕಂಪನ ಇಟ್ಟರೆ ಸದ್ದು ತಮಟೆ, ನಡುಗಿವಿಯ ಪುಟ್ಟ ಮೂಳೆಗಳ ದಾರಿ ಬಿಟ್ಟು ಸೀದಾ ಒಳಗಿವಿಗೆ ಹೋಗುತ್ತದೆ. ಅಲ್ಲಿ ಚೆನ್ನಾಗಿ ಕೇಳುತ್ತಿದೆ ಅಂದರೆ ಒಳಗಿವಿ, ನರ ಗಟ್ಟಿಯಾಗಿವೆ, ಕೆಟ್ಟಿರುವುದು ನಡುವಿನ ದಾರಿ. ಡಾಕ್ಟರು ಟ್ಯೂನಿಂಗ್ ಫೋರ್ಕ್ ಬಡಿದು ಒಮ್ಮೆ ಕಿವಿ ಮುಂದೆ, ಒಮ್ಮೆ ಹಿಂದಿನ ಮೂಳೆ ಮೇಲೆ ಇಟ್ಟು ಎಲ್ಲಿ ಜೋರು ಅಂತ ಕೇಳಿರಬೇಕಲ್ವಾ, ಅದೂ ಇದೇ ಪರೀಕ್ಷೆ, ಮೆಷಿನ್ ಇಲ್ಲದೆ.

ಆದರೂ ಈ ಆಪರೇಷನ್ನಿನಿಂದ ಕಿವಿ ಕೇಳಿಸಿಯೇ ಬಿಡುತ್ತದೆ ಅಂತ ಅಮ್ಮನಿಗೆ ಆಸೆ ಹುಟ್ಟಿಸಬೇಡಿ. ಮೊದಲ ಗುರಿ ಕಾಯಿಲೆ ತೆಗೆದು ಕಿವಿ ಒಣಗಿಸುವುದು. ಪುಟ್ಟ ಮೂಳೆಗಳ ಜೋಡಣೆ ಕೆಲವೊಮ್ಮೆ ಅದೇ ಸಲ, ಕೆಲವೊಮ್ಮೆ ಆಮೇಲೆ. ವಿಚಿತ್ರ ಅನ್ನಿಸಬಹುದು, ಕೆಲವರಲ್ಲಿ ಆ ಚೀಲವೇ ಸದ್ದು ದಾಟಿಸುತ್ತಿರುತ್ತದೆ, ತೆಗೆದ ಮೇಲೆ ಇದ್ದದ್ದೂ ಸ್ವಲ್ಪ ಕಮ್ಮಿಯಾಗುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ಆಮೇಲೆ ಮನೆಯಲ್ಲಿ ಜಗಳ.

ಎರಡನೇ ಅಭಿಪ್ರಾಯ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ನಮ್ಮ ಆಯಿಷ್. ಕೇಂದ್ರ ಸರ್ಕಾರದ್ದು, 1960ರ ದಶಕದಿಂದ ಇದೆ. ನಾನು ಓದಿದ್ದು ಅಲ್ಲೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೀತು.

ಆಗುಂಬೆ_ಮಳೆ:

ಸ್ಕ್ಯಾನ್ ಫಿಲ್ಮ್ ಕಿಟಕಿಗೆ ಹಿಡಿದು ಅಮ್ಮನಿಗೇ ತೋರಿಸಿದೆ. ಚೆನ್ನಾಗಿರುವ ಬಲಗಡೆ ಜೇನುಗೂಡಿನ ಥರ ಇದೆ, ಎಡಗಡೆ ಬರೀ ಖಾಲಿ ಮಬ್ಬು. ತುಂಬಾ ಹೊತ್ತು ನೋಡಿ, "ಗೆದ್ದಲು ಹಿಡಿದ ತೊಲೆ ಹಾಗೇ ಇದೆಯಲ್ಲೋ" ಅಂದಳು. ಒಪ್ಪಿದ್ದಾಳೆ. ಷರತ್ತು ಒಂದೇ, ಅಡಿಕೆ ಕೊಯ್ಲು ಮುಗಿಯಬೇಕಂತೆ. ಎರಡು ತಿಂಗಳು ತಡೆಯಬಹುದಾ?

ತಮಟೆ_ಸದ್ದು:

ಅದನ್ನು ನಾನಲ್ಲ, ಸ್ಕ್ಯಾನ್ ನೋಡಿದ ನಿಮ್ಮ ಡಾಕ್ಟರು ಹೇಳಬೇಕು, ಇವತ್ತೇ ಫೋನ್ ಮಾಡಿ ಕೇಳಿ. ಅವರು ಸರಿ ಅಂದರೂ ನಡುವೆ ತಲೆ ಸುತ್ತಿತು, ಬಾಯಿ ಒಂದು ಕಡೆ ವಾಲಿತು, ಕಿವಿ ಹಿಂದೆ ಊದಿತು, ಜ್ವರದ ಜೊತೆ ವಿಪರೀತ ತಲೆನೋವು ಬಂತು ಅಂದರೆ, ಇವುಗಳಲ್ಲಿ ಒಂದೇ ಆದರೂ ಸರಿ, ಕೊಯ್ಲು ಅರ್ಧಕ್ಕೇ ಬಿಟ್ಟು ಅವತ್ತೇ ಗಾಡಿ ಹತ್ತಿಸಿ.