ಕತ್ತಿಯಲ್ಲಿ ಶೇವ್ ಮಾಡುವಾಗ ರಕ್ತ ಯಾಕೆ ಬರುತ್ತದೆ: ತಮ್ಮನಿಗೆ ಒಂದು ಉದ್ದದ ಉತ್ತರ

ತಮ್ಮಾ, ನಿನ್ನ ಫೋಟೋ ನೋಡಿದೆ, ಮೆಸೇಜೂ ಓದಿದೆ. ಕ್ಷೌರದವರು ಹಿಡಿಯುವಂಥ ಮಡಚುವ ಕತ್ತಿ (ಸ್ಟ್ರೇಟ್ ರೇಜರ್) ತೆಗೆದುಕೊಂಡಾಗಿನಿಂದ ಪ್ರತಿ ಸಲ ಗಾಯ ಆಗುತ್ತಿದೆ, ಕತ್ತಿ ಜಾಸ್ತಿ ಹರಿತ ಇದೆಯೇನೋ, ಸ್ವಲ್ಪ ಮೊಂಡು ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀಯ. ಅದರ ಕೆಳಗೇ ಚಿಕ್ಕಮ್ಮ ಆ ಕತ್ತಿ ಎಸೆದುಬಿಡು ಅಂತ ಬರೆದಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಲ್ಲೇ ಹೇಳುತ್ತೇನೆ. ಪೂರ್ತಿ ಕೇಳು. ಚಿಕ್ಕಮ್ಮ, ನೀವೂ ಕೇಳಿ, ಭಯ ಸ್ವಲ್ಪ ಕಮ್ಮಿ ಆಗಬಹುದು.

ದಯವಿಟ್ಟು ಮೊಂಡು ಮಾಡಬೇಡ. ಹರಿತ ಇಲ್ಲದ ಕತ್ತಿ ಕೂದಲನ್ನು ಕತ್ತರಿಸುವುದಿಲ್ಲ, ಎಳೆಯುತ್ತದೆ. ಎಳೆದಾಗ ನಮಗೆ ಗೊತ್ತಿಲ್ಲದ ಹಾಗೆ ಕೈ ಒತ್ತಲು ಶುರು ಮಾಡುತ್ತದೆ. ಒತ್ತಿದರೆ ಅಲಗಿನ ಮುಂದೆ ಚರ್ಮ ಉಬ್ಬುತ್ತದೆ, ಆ ಉಬ್ಬನ್ನೇ ಅಲಗು ಕೊಯ್ಯುತ್ತದೆ. ಹರಿತ ಇರುವ ಕತ್ತಿಗೆ ನಿನ್ನ ಕೈಬಲ ಬೇಕಾಗಿಲ್ಲ, ಅದರ ತೂಕವೇ ಸಾಕು. ನಿನ್ನ ಮುಖದ ಮೇಲೆ ಆಗಿರುವ ಗಾಯಗಳೂ ಇದನ್ನೇ ಹೇಳುತ್ತಿವೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರು ಥರದ ಗಾಯ ಇದೆ, ಮೂರಕ್ಕೂ ಕಾರಣ ಬೇರೆ.

ಕತ್ತಿನ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆ ಇದೆ ನೋಡು, ಅದು ಒತ್ತಿದ್ದಕ್ಕೆ ಮತ್ತು ಕೋನ ತಪ್ಪಿದ್ದಕ್ಕೆ. ಅಲಗನ್ನು ಮೊದಲು ಚರ್ಮದ ಮೇಲೆ ಪೂರ್ತಿ ಮಲಗಿಸು. ಆಮೇಲೆ ಅದರ ಬೆನ್ನನ್ನು, ಅಂದರೆ ಹರಿತ ಇಲ್ಲದ ದಪ್ಪ ಬದಿಯನ್ನು, ಸ್ವಲ್ಪ ಎತ್ತು. ಎಷ್ಟು ಅಂದರೆ, ಬೆನ್ನು ಎಷ್ಟು ದಪ್ಪ ಇದೆಯೋ ಅದರ ಎರಡು ಪಟ್ಟು. ಸುಮಾರು 30 ಡಿಗ್ರಿ ಬರುತ್ತದೆ. ಅದಕ್ಕಿಂತ ಜಾಸ್ತಿ ಎತ್ತಿದರೆ ಅಲಗು ಚರ್ಮವನ್ನು ಕೆರೆಯುತ್ತದೆ. ತುಂಬಾ ಮಲಗಿಸಿದರೆ ಕೂದಲನ್ನು ಎಳೆಯುತ್ತದೆ. ಕೋನ ಸರಿ ಇದ್ದಾಗ ಕೂದಲು ಕತ್ತರಿಸುವ ಸಣ್ಣ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಸದ್ದು ನಿಂತರೆ ನೀನೂ ನಿಲ್ಲು, ಕೋನ ನೋಡಿಕೋ.

ಕತ್ತಿನಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಕೆಲವರಿಗೆ ಪಕ್ಕಕ್ಕೆ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ. ಎರಡು ದಿನದ ಗಡ್ಡ ಇರುವಾಗ ಬೆರಳಲ್ಲಿ ಎಲ್ಲಾ ಕಡೆ ಸವರಿ ನೋಡು. ನಯ ಅನಿಸಿದ ಕಡೆಗೆ ಕೂದಲು ಮಲಗಿದೆ, ಒರಟು ಅನಿಸಿದರೆ ಅದು ಎದುರು. ಸದ್ಯಕ್ಕೆ ಕೂದಲು ಮಲಗಿರುವ ದಿಕ್ಕಿಗೆ ಮಾತ್ರ ಕತ್ತಿ ಓಡಿಸು. ಎದುರು ಕೂದಲಿಗೆ ಹಿಡಿಯುವುದನ್ನು ಕೆಲವು ತಿಂಗಳು ಮರೆತುಬಿಡು. ಪೂರ್ತಿ ನುಣ್ಣಗೆ ಆಗದಿದ್ದರೆ ಪರವಾಗಿಲ್ಲ.

ಎರಡನೆಯದು ದವಡೆ ಕೆಳಗಿನ ಉದ್ದನೆಯ ಗೀರು. ನನಗೆ ನಿಜವಾಗಿ ಚಿಂತೆ ಆಗಿದ್ದು ಅದನ್ನು ನೋಡಿ. ಕತ್ತಿ ಮುಂದಕ್ಕೆ ಹೋಗುವ ಬದಲು ಅಡ್ಡಕ್ಕೆ ಜಾರಿದೆ. ಅಲಗಿನ ಉದ್ದಕ್ಕೆ ಕೂದಲೆಳೆಯಷ್ಟು ಜಾರಿದರೂ ಸಾಕು, ಚರ್ಮ ಸೀಳುತ್ತದೆ. ಈ ಕತ್ತಿಯಲ್ಲಿ ಆಗುವ ಆಳದ ಗಾಯಗಳೆಲ್ಲ ಹೆಚ್ಚಾಗಿ ಹೀಗೇ ಆಗುವುದು. ಅದಕ್ಕೇ ಈ ಕ್ರಮ ರೂಢಿ ಮಾಡಿಕೋ. ಅಲಗನ್ನು ಚರ್ಮಕ್ಕೆ ತಾಗಿಸು, ಒಂದು ಕ್ಷಣ ಹಾಗೇ ಇರು, ಆಮೇಲೆ ನೇರವಾಗಿ ಓಡಿಸು, ಮುಗಿದ ಮೇಲೆ ನೇರವಾಗಿ ಎತ್ತು. ತಾಗಿಸುತ್ತಲೇ ಓಡಿಸಬೇಡ. ಚರ್ಮದ ಮೇಲೆ ಇರುವಾಗಲೇ ಕತ್ತಿ ತಿರುಗಿಸಬೇಡ. ಕತ್ತಿಯ ತುದಿ ಎಲ್ಲಿದೆ ಅನ್ನುವ ಎಚ್ಚರ ಯಾವಾಗಲೂ ಇರಲಿ, ಯಾಕೆಂದರೆ ನೀನು ಮಧ್ಯದ ಅಲಗು ನೋಡುತ್ತಾ ಇದ್ದರೆ ತುದಿ ಹೋಗಿ ಕಿವಿಗೆ ತಾಗುತ್ತದೆ. ನಿನ್ನದು ಚೂಪು ತುದಿಯ ಕತ್ತಿ ಥರ ಕಾಣುತ್ತಿದೆ. ಕಲಿಯುವವರಿಗೆ ದುಂಡು ತುದಿಯದೇ ಒಳ್ಳೆಯದು, ಬದಲಾಯಿಸಲು ಆದರೆ ಬದಲಾಯಿಸು.

ಗದ್ದದ ಮೇಲಿನ ಎರಡು ಗಾಯ ಚರ್ಮ ಬಿಗಿ ಹಿಡಿಯದೆ ಆಗಿದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎಲ್ಲರೂ ಕತ್ತಿ ಹಿಡಿದ ಕೈ ಬಗ್ಗೆಯೇ ಯೋಚನೆ ಮಾಡುತ್ತಾರೆ. ಆದರೆ ಅರ್ಧ ಕೆಲಸ ಇನ್ನೊಂದು ಕೈಯದು. ಸಡಿಲ ಚರ್ಮದ ಮೇಲೆ ಎಷ್ಟೇ ನಾಜೂಕಾಗಿ ಓಡಿಸಿದರೂ ಅದು ಮಡಿಕೆ ಬೀಳುತ್ತದೆ. ಬಲ ಕೆನ್ನೆ ಮಾಡುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹತ್ತಿರದ ಚರ್ಮ ಮೇಲಕ್ಕೆ ಎಳೆದು ಹಿಡಿ. ಬೆರಳಿಗೆ ನೊರೆ ಅಂಟಿದ್ದರೆ ಜಾರುತ್ತದೆ, ಹಿಡಿತವೇ ಸಿಗುವುದಿಲ್ಲ. ಅದಕ್ಕೆ ಪ್ರತಿ ಸಲ ಬೆರಳು ಟವೆಲ್‌ಗೆ ಒರೆಸಿಕೋ. ಇನ್ನೂ ಜಾರಿದರೆ ಒದ್ದೆ ಪಟಿಕದ ತುಂಡನ್ನು ಬೆರಳ ತುದಿಗೆ ಉಜ್ಜು, ಆಗ ಚರ್ಮ ಗಟ್ಟಿಯಾಗಿ ಹಿಡಿತಕ್ಕೆ ಬರುತ್ತದೆ. ಗದ್ದ ಮಾಡುವಾಗ ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಎಳೆದುಕೋ, ಚರ್ಮ ಸಪಾಟಾಗುತ್ತದೆ. ಅಲ್ಲಿ ಉದ್ದುದ್ದ ಎಳೆಯಬೇಡ, ಒಂದು ಸೆಂಟಿಮೀಟರ್‌ನಷ್ಟು ಗಿಡ್ಡ ಗಿಡ್ಡ ಓಟ ಸಾಕು. ಗಂಟಲಿನ ಉಬ್ಬಿನ ಮೇಲೆ ನೇರವಾಗಿ ಕತ್ತಿ ಇಡಬೇಡ. ಅಲ್ಲಿಯ ಚರ್ಮವನ್ನು ಪಕ್ಕಕ್ಕೆ ಎಳೆದು, ಸಪಾಟು ಜಾಗಕ್ಕೆ ತಂದು ಅಲ್ಲಿ ಮಾಡು. ಮೊಡವೆ, ನರುಳ್ಳೆ ಇರುವ ಕಡೆ ಬಿಟ್ಟುಬಿಡು.

ಗಡ್ಡ ನೆನೆಸುತ್ತೀಯಾ ಇಲ್ವಾ? ಒಣ ಗಡ್ಡ ಗಡುಸು. ಬಿಸಿನೀರಿನ ಟವೆಲ್ ಎರಡು ಮೂರು ನಿಮಿಷ ಇಟ್ಟರೆ ಕೂದಲು ನೀರು ಹೀರಿ ಮೆತ್ತಗಾಗುತ್ತದೆ. ಸ್ನಾನ ಆದ ಕೂಡಲೇ ಮಾಡಿದರೆ ಟವೆಲ್ಲೂ ಬೇಡ. ನೊರೆಯಲ್ಲಿ ನೀರಿನ ಅಂಶ ಚೆನ್ನಾಗಿರಲಿ. ಒಣ ನೊರೆ ಎಷ್ಟು ದಪ್ಪಗೆ ಹಚ್ಚಿದರೂ ಕತ್ತಿ ಜಾರುವುದಿಲ್ಲ. ಮಧ್ಯದಲ್ಲಿ ಒಣಗಿದರೆ ಮತ್ತೆ ಹಚ್ಚು. ನೊರೆ ಹೋದ ಜಾಗದ ಮೇಲೆ ಸುಮ್ನೆ ಇನ್ನೊಂದು ಸಲ ಎಳೆಯುವ ಚಪಲ ಬರುತ್ತದೆ, ಅದು ಬೇಡವೇ ಬೇಡ.

ಈಗ ಹರಿತದ ವಿಷಯ. ಹೊಸ ಕತ್ತಿ ಪೆಟ್ಟಿಗೆಯಿಂದ ತೆಗೆದ ತಕ್ಷಣ ಗಡ್ಡಕ್ಕೆ ಸಿದ್ಧ ಇರುತ್ತದೆ ಅಂತ ಇಲ್ಲ. ಮೊದಲ ಸಲ ಸಾಣೆ ಹಿಡಿಯಲು ಗೊತ್ತಿರುವವರ ಕೈಗೇ ಕೊಡು. ತರಕಾರಿ ಚಾಕು ಮಸೆಯುವ ಸಾಧನದಲ್ಲಿ ಯಾವತ್ತೂ ಹಾಕಬೇಡ, ಅಂಚು ಹಾಳಾಗುತ್ತದೆ. ಶೇವಿಂಗ್ ಅಂಚಿಗೆ ಕೊನೆಯಲ್ಲಿ 8000 ಗ್ರಿಟ್ (ಸಾಣೆಕಲ್ಲು ಎಷ್ಟು ನಯ ಅನ್ನುವ ಅಳತೆ) ಅಥವಾ ಅದಕ್ಕಿಂತ ನಯವಾದ ಕಲ್ಲು ಬೇಕಾಗುತ್ತದೆ. ನೀನು ದಿನವೂ ಮಾಡಬೇಕಾದದ್ದು ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎಳೆಯುವುದು. ಶೇವಿಂಗ್‌ಗೆ ಮುಂಚೆ 30ರಿಂದ 50 ಸಲ ಸಾಕು. ಪಟ್ಟಿ ಬಿಗಿಯಾಗಿ ಎಳೆದು ಹಿಡಿದಿರಬೇಕು, ಜೋತು ಬಿದ್ದರೆ ಅಂಚು ದುಂಡಾಗುತ್ತದೆ. ಕತ್ತಿ ಪೂರ್ತಿ ಮಲಗಿರಬೇಕು, ಬೆನ್ನು ಮುಂದೆ ಹೋಗಬೇಕು, ಅಂಚು ಹಿಂದೆ ಬರಬೇಕು. ಕೊನೆಗೆ ಬಂದಾಗ ಬೆನ್ನಿನ ಮೇಲೆಯೇ ಹೊರಳಿಸು. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಕೊಯ್ದುಹೋಗುತ್ತದೆ, ಕತ್ತಿಯೂ ಕೆಡುತ್ತದೆ. ಶೇವ್ ಮುಗಿದ ಮೇಲೆ ತೊಳೆದು, ಒರೆಸಿ, ಚೆನ್ನಾಗಿ ಒಣಗಿಸಿ ಇಡು. ಕಾರ್ಬನ್ ಸ್ಟೀಲ್ ಆದರೆ ಬೇಗ ತುಕ್ಕು ಹಿಡಿಯುತ್ತದೆ.

ಕತ್ತಿ ಕೈಜಾರಿದರೆ ಹಿಡಿಯಲು ಹೋಗಬೇಡ ತಮ್ಮಾ. ಬೀಳಲಿ ಬಿಡು, ಕಾಲು ಹಿಂದಕ್ಕೆ ತೆಗೆದುಕೋ.

ರಕ್ತ ಬಂದಾಗ ಪೇಪರ್ ತುಣುಕು ಅಂಟಿಸಿದ್ದೀಯ, ಫೋಟೋದಲ್ಲಿ ಕಾಣುತ್ತಿದೆ. ಅದನ್ನು ಕಿತ್ತಾಗ ಗಾಯ ಮತ್ತೆ ಬಿಚ್ಚುತ್ತದೆ. ತಣ್ಣೀರಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿ. ನಡುವೆ ತೆಗೆದು ನೋಡಬೇಡ. ಸಣ್ಣ ಗೀರಾದರೆ ಒದ್ದೆ ಪಟಿಕ ಮೆಲ್ಲಗೆ ಸವರು, ಉರಿಯುತ್ತದೆ, ಆದರೆ ರಕ್ತ ನಿಲ್ಲುತ್ತದೆ. ಗಾಯದ ಮೇಲೆ ಸ್ಪಿರಿಟ್ ಇರುವ ಆಫ್ಟರ್‌ಶೇವ್ ಸುರಿಯಬೇಡ. ಗಾಯ ಬಾಯಿ ಬಿಟ್ಟಿದ್ದರೆ ಅಥವಾ ಒತ್ತಿ ಹಿಡಿದು ಹತ್ತು ಹದಿನೈದು ನಿಮಿಷ ಆದರೂ ರಕ್ತ ನಿಲ್ಲದಿದ್ದರೆ ಸೀದಾ ಡಾಕ್ಟರ ಹತ್ತಿರ ಹೋಗು. ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷ ಆಯಿತು ಅಂತಲೂ ಹೇಳು. ಇನ್ನೊಂದು ಮಾತು, ನಿನ್ನ ಕತ್ತಿ, ನಿನ್ನ ಪಟಿಕ ಬೇರೆ ಯಾರಿಗೂ ಕೊಡಬೇಡ, ಬೇರೆಯವರದ್ದು ನೀನು ಮುಟ್ಟಬೇಡ. ಹೆಪಟೈಟಿಸ್ ಬಿ, ಸಿ ಎರಡೂ ರಕ್ತದಿಂದ ಹರಡುತ್ತವೆ, ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ್ದರೂ ಅಪಾಯ ಇದೆ.

ದೊಡ್ಡಪ್ಪ, ನೀವೂ ಒಂದು ಸಲ ನೋಡೋಣ ಅಂತ ಬರೆದಿದ್ದೀರಿ. ನೀವು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾ ಇದ್ದೀರಿ ಅಲ್ವಾ? ನಿಮಗೆ ಸಣ್ಣ ಗೀರಾದರೂ ರಕ್ತ ನಿಲ್ಲುವುದು ತಡ ಆಗುತ್ತದೆ. ನಿಮಗೆ ಎಲೆಕ್ಟ್ರಿಕ್ ಶೇವರ್ ಸರಿ, ಈ ಕತ್ತಿ ಬೇಡ. ಶೇವಿಂಗ್‌ಗೋಸ್ಕರ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ತಮ್ಮಾ, ಈಗ ಆಗಿರುವ ಗಾಯ ಪೂರ್ತಿ ಮಾಯುವ ತನಕ ಕತ್ತಿ ಮುಟ್ಟಬೇಡ. ಮಾಯ್ದ ಮೇಲೆ ಎರಡು ಕೆನ್ನೆ ಮಾತ್ರ ಕತ್ತಿಯಲ್ಲಿ ಮಾಡು, ಉಳಿದದ್ದು ನಿನ್ನ ಹಳೇ ರೇಜರ್‌ನಲ್ಲಿ ಮುಗಿಸು. ಕೆನ್ನೆಯಲ್ಲಿ ಒಂದು ಗೀರೂ ಇಲ್ಲದೆ ಬರುವ ಹಾಗಾದರೆ ಕತ್ತು, ಆಮೇಲೆ ಗದ್ದ, ಮೂಗಿನ ಕೆಳಗೆ ಎಲ್ಲಕ್ಕಿಂತ ಕೊನೆಗೆ. ಅವಸರದ ಬೆಳಿಗ್ಗೆ ಇದನ್ನು ಕೈಗೇ ತೆಗೆದುಕೊಳ್ಳಬೇಡ. ಪಟ್ಟಿಯ ಮೇಲೆ ಕತ್ತಿ ಎಳೆಯುವ ಒಂದು ಸಣ್ಣ ವಿಡಿಯೋ ಮಾಡಿ ಕಳಿಸು, ಕೈ ಹೇಗೆ ಹೋಗುತ್ತಿದೆ ಅಂತ ನೋಡಿ ಹೇಳುತ್ತೇನೆ.